ಕಂಪ್ಯೂಟರಿನ ಡಂಗುರ: ಮೂಲೆಯಲ್ಲಿ ಏಳುವ ಆ ಎಚ್ಚರಿಕೆ ಎಲ್ಲಿಂದ ಬಂತು?

ಪಂಚಾಯ್ತಿ ಕಚೇರಿ, ನಾಡಕಚೇರಿ, ಗ್ರಾಮ ಒನ್ ಕೇಂದ್ರ, ಹೈಸ್ಕೂಲಿನ ಕಂಪ್ಯೂಟರ್ ರೂಮು, ಬಸ್ ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿ. ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಎಲ್ಲೇ ಹೋಗಿ ಕಂಪ್ಯೂಟರ್ ಮುಂದೆ ನಿಂತರೂ ಇದನ್ನು ನೀವು ನೋಡಿರುತ್ತೀರಿ. ನಿಮ್ಮ ಪಹಣಿಯೋ ಆದಾಯ ಪ್ರಮಾಣಪತ್ರವೋ ತೆರೆಯುವ ಹೊತ್ತಿಗೆ ಸರಿಯಾಗಿ, ಪರದೆಯ ಬಲಗಡೆ ಕೆಳಮೂಲೆಯಲ್ಲಿ ಒಂದು ಪುಟ್ಟ ಪೆಟ್ಟಿಗೆ ಎದ್ದು ನಿಲ್ಲುತ್ತದೆ. ಆಂಟಿವೈರಸ್ ಹಳೆಯದಾಗಿದೆ, ಅಪ್‌ಡೇಟ್ ಮಾಡಿ, ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ ಎಂದು ಇಂಗ್ಲಿಷಿನಲ್ಲಿ ಹೇಳುತ್ತದೆ. ಕೂತವರು ಓದುವುದಿಲ್ಲ. ಕೈ ತಾನಾಗಿ ಹೋಗಿ ಇಂಟು ಗುರುತನ್ನು ಒತ್ತುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ.

ಇದನ್ನು ನಿಲ್ಲಿಸುವುದು ಹೇಗೆ ಎಂದು ಕೇಳುವವರು ಬಹಳ ಜನ. ದಾರಿಯನ್ನು ಬರಹದ ಕೊನೆಯಲ್ಲಿ ಹೇಳಿದ್ದೇವೆ. ಅದಕ್ಕೂ ಮೊದಲು ಈ ಎಚ್ಚರಿಕೆ ಎಲ್ಲಿಂದ ಬಂತು, ಜನ ಅದನ್ನು ಓದುವುದು ಯಾಕೆ ಬಿಟ್ಟರು ಅನ್ನುವುದನ್ನು ನೋಡೋಣ. ಆ ಇತಿಹಾಸ ಗೊತ್ತಾದರೆ ಯಾವ ಎಚ್ಚರಿಕೆಯ ಬಾಯಿ ಮುಚ್ಚಿಸಬಹುದು, ಯಾವುದರದ್ದು ಮುಚ್ಚಿಸಬಾರದು ಅನ್ನುವುದೂ ಗೊತ್ತಾಗುತ್ತದೆ.

ಡಂಗುರ ಹೋಯಿತು, ಪರದೆ ಬಂತು

ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಎಚ್ಚರಿಕೆ ಕೊಡುವ ಕೆಲಸಕ್ಕೇ ಜನ ಇದ್ದರು. ಆಯಗಾರರ ಪಟ್ಟಿಯಲ್ಲಿ ಗೌಡ, ಶಾನುಭೋಗ, ನೀರಗಂಟಿಗಳ ಜೊತೆಗೆ ತಳವಾರ, ತೋಟಿ ಇರುತ್ತಿದ್ದರು. ಕಂದಾಯದ ಗಡುವು, ಕಳ್ಳರ ಸುದ್ದಿ, ಕೆರೆ ಒಡೆಯುವ ಭಯ, ಇಂಥದ್ದಕ್ಕೆಲ್ಲ ತಮಟೆ ಬಡಿದು ಡಂಗುರ ಸಾರಬೇಕಾಗಿತ್ತು. ಆ ಕೆಲಸವನ್ನು ಜಾತಿಗೆ ಕಟ್ಟಿ ಬಿಟ್ಟಿ ಚಾಕರಿಯಾಗಿ ಮಾಡಿಸುತ್ತಿದ್ದರು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು. ಅದು ಹೋದದ್ದೇ ಒಳ್ಳೆಯದು.

ಆದರೂ ಡಂಗುರದಲ್ಲಿ ಮೂರು ಗುಣ ಇದ್ದವು. ಅದು ಊರಿನ ಭಾಷೆಯಲ್ಲಿ ಇರುತ್ತಿತ್ತು. ಸಾರುವವರು ಯಾರು, ಸಾರಿಸಿದವರು ಯಾರು ಎಂದು ಎಲ್ಲರಿಗೂ ಗೊತ್ತಿರುತ್ತಿತ್ತು. ದಿನಕ್ಕೆ ಇಪ್ಪತ್ತು ಸಲ ಬಡಿಯುತ್ತಿರಲಿಲ್ಲ, ಹಾಗಾಗಿ ಬಡಿದಾಗ ಜನ ಹೊರಗೆ ಬಂದು ಕೇಳುತ್ತಿದ್ದರು. ಕಂಪ್ಯೂಟರಿನ ಡಂಗುರದಲ್ಲಿ ಈ ಮೂರೂ ಇಲ್ಲ.

ಪಹಣಿ ಕಂಪ್ಯೂಟರಿಗೆ ಹೋದ ಕಾಲ

ನಮ್ಮ ಹಳ್ಳಿಗಳ ಬದುಕಿಗೆ ಕಂಪ್ಯೂಟರ್ ಗಟ್ಟಿಯಾಗಿ ಅಂಟಿಕೊಂಡಿದ್ದು 'ಭೂಮಿ' ಯೋಜನೆಯಿಂದ. ಅಲ್ಲಿಯವರೆಗೆ ಜಮೀನಿನ ದಾಖಲೆ ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು. ರಾಜ್ಯದಲ್ಲಿ ಅಂಥ ಲೆಕ್ಕಿಗರು ಸುಮಾರು 9,000 ಮಂದಿ. ಪುಸ್ತಕ ಅವರ ಹತ್ತಿರ, ಅವರು ಸಿಕ್ಕಿದಾಗ ಪಹಣಿ. 2000ನೇ ಇಸವಿಯ ಆಸುಪಾಸಿನಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ತಾಲ್ಲೂಕು ಕಚೇರಿಯಲ್ಲಿ ಭೂಮಿ ಕೇಂದ್ರ ಬಂತು, 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬಂತು. ಕೈಬರಹದ ಪಹಣಿಗೆ ಬೆಲೆ ಇಲ್ಲದಂತಾಯಿತು.

ಆ ಯೋಜನೆ ಮಾಡಿದವರಿಗೆ ಭದ್ರತೆಯ ಚಿಂತೆ ಇತ್ತು. ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು ಎಂಬ ವ್ಯವಸ್ಥೆ ಇಟ್ಟರು. ಕೇಂದ್ರದಲ್ಲಿ ಎರಡು ಪರದೆ ಇಟ್ಟು ಒಂದನ್ನು ರೈತನ ಕಡೆಗೆ ತಿರುಗಿಸಿದರು, ಒಳಗೆ ಏನು ನಡೆಯುತ್ತಿದೆ ಎಂದು ಅವನಿಗೂ ಕಾಣಲಿ ಎಂದು.

ಆಮೇಲೆ ಕಂಪ್ಯೂಟರ್ ಒಂದೊಂದೇ ಮೆಟ್ಟಿಲು ಇಳಿದು ಊರಿಗೆ ಹತ್ತಿರ ಬಂತು. 2006ರಲ್ಲಿ ಹೋಬಳಿ ಮಟ್ಟಕ್ಕೆ ನೆಮ್ಮದಿ ಕೇಂದ್ರಗಳು ಬಂದವು. 2012ರಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಅವುಗಳ ಜಾಗ ಹಿಡಿದವು. 2013ರಿಂದ ಪಂಚಾಯ್ತಿಗಳಲ್ಲಿ ಇ-ಸ್ವತ್ತು. 2022ರಲ್ಲಿ ಗ್ರಾಮ ಒನ್. ಶಾಲೆಗಳ ಕಡೆ ನೋಡಿದರೆ, 2001ರ ಸುಮಾರಿಗೆ ಶುರುವಾದ ಮಾಹಿತಿ ಸಿಂಧು ಯೋಜನೆಯಿಂದ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದವು. ಈ ನಾಲ್ಕು ತಾಲ್ಲೂಕು ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಇವತ್ತು ಮಕ್ಕಳ ದಾಖಲಾತಿಯಿಂದ ಎಸ್ಸೆಸ್ಸೆಲ್ಸಿ ನೋಂದಣಿವರೆಗೆ ಎಲ್ಲವೂ ಆನ್‌ಲೈನ್.

ಇದು ಎಷ್ಟು ದೊಡ್ಡ ವಿಷಯ ಅನ್ನುವುದಕ್ಕೆ ಪಾವಗಡದ ಸೋಲಾರ್ ಪಾರ್ಕ್ ಒಂದು ಉದಾಹರಣೆ. ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆ ಜಮೀನನ್ನು ರೈತರು ಗುತ್ತಿಗೆಗೆ ಕೊಟ್ಟರು, ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಪಹಣಿಯಲ್ಲಿ ಹೆಸರು ಯಾರದ್ದಿದೆಯೋ ಗುತ್ತಿಗೆ ಹಣ ಅವರಿಗೆ. ಕಡಲೆಕಾಯಿ ಬೆಳೆ ವಿಮೆಯ ಕಥೆಯೂ ಹಾಗೇ, ಪಿಂಚಣಿಯ ಕಥೆಯೂ ಹಾಗೇ. ಹೊಟ್ಟೆಪಾಡಿನ ಕಾಗದಗಳೆಲ್ಲ ಯಾವುದೋ ಒಂದು ಕಂಪ್ಯೂಟರನ್ನು ಹಾದೇ ಬರಬೇಕು. ಆ ಕಂಪ್ಯೂಟರಿನ ಮೂಲೆಯಲ್ಲಿ ಏಳುವ ಎಚ್ಚರಿಕೆ ಆಪರೇಟರ್‌ಗೆ ಮಾತ್ರ ಸಂಬಂಧಪಟ್ಟಿದ್ದಲ್ಲ.

ಲಾಹೋರಿನ ಫ್ಲಾಪಿ

ಈಗ ವೈರಸ್ ಕಥೆಗೆ ಬರೋಣ. ಸಣ್ಣ ಕಂಪ್ಯೂಟರುಗಳಲ್ಲಿ ಹರಡಿದ ಮೊದಲ ಹೆಸರುವಾಸಿ ವೈರಸ್ ಹುಟ್ಟಿದ್ದು ನಮ್ಮ ನೆರೆಯ ಲಾಹೋರಿನಲ್ಲಿ, 1986ರಲ್ಲಿ. ಹೆಸರು 'ಬ್ರೇನ್'. ಬರೆದವರು ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಅಣ್ಣತಮ್ಮಂದಿರು. ತಾವು ಮಾಡಿದ ಸಾಫ್ಟ್‌ವೇರನ್ನು ಜನ ಕದ್ದು ನಕಲು ಮಾಡುವುದನ್ನು ತಡೆಯಲು ಹೀಗೆ ಮಾಡಿದೆವು ಎಂದು ಅವರು ಹೇಳಿದರು. ವೈರಸ್ಸಿನೊಳಗೇ ತಮ್ಮ ಹೆಸರು, ಅಂಗಡಿ ವಿಳಾಸ, ಫೋನ್ ನಂಬರ್ ಬರೆದಿದ್ದರು. ಅದು ಫ್ಲಾಪಿಯಿಂದ ಫ್ಲಾಪಿಗೆ ಹತ್ತಿ ಅಮೆರಿಕದವರೆಗೆ ಹೋಯಿತು.

ರೋಗ ಬಂದ ಮೇಲೆ ಮದ್ದಿನ ವ್ಯಾಪಾರ ಶುರುವಾಯಿತು. ನಮ್ಮ ದೇಶದಲ್ಲೂ ಆಯಿತು. ಪುಣೆಯಲ್ಲಿ ಕ್ಯಾಲ್ಕುಲೇಟರ್, ರೇಡಿಯೋ ರಿಪೇರಿ ಮಾಡಿಕೊಂಡಿದ್ದ ಕೈಲಾಶ್ ಕಾಟ್ಕರ್ ಮತ್ತು ಕಂಪ್ಯೂಟರ್ ಓದಿದ ಅವರ ತಮ್ಮ ಸಂಜಯ್ 1990ರ ದಶಕದಲ್ಲಿ ಕ್ವಿಕ್ ಹೀಲ್ ಕಟ್ಟಿದರು. ಚೆನ್ನೈಯಲ್ಲಿ ಕೆ7 ಹುಟ್ಟಿತು. ನಮ್ಮ ಊರುಗಳ ಕಂಪ್ಯೂಟರ್ ಅಂಗಡಿಗಳಲ್ಲಿ ಡಬ್ಬಿಯಲ್ಲಿಟ್ಟು ಮಾರುವ ಆಂಟಿವೈರಸ್‌ಗಳಲ್ಲಿ ಈ ಹೆಸರುಗಳನ್ನು ನೀವು ನೋಡಿರಬಹುದು.

ಆಂಟಿವೈರಸ್ ಕೆಲಸ ಮಾಡುವ ರೀತಿ ತಿಳಿದರೆ ಅಪ್‌ಡೇಟ್ ಯಾಕೆ ಬೇಕು ಎಂಬುದು ತಿಳಿಯುತ್ತದೆ. ಪೊಲೀಸ್ ಸ್ಟೇಷನ್ ಗೋಡೆಯ ಮೇಲೆ ಹಳೇ ಕಳ್ಳರ ಫೋಟೋ ಹಾಕಿರುತ್ತಾರಲ್ಲ, ಹಾಗೆಯೇ ಆಂಟಿವೈರಸ್ ಹತ್ತಿರ ಗೊತ್ತಿರುವ ವೈರಸ್‌ಗಳ ಗುರುತಿನ ಪಟ್ಟಿ ಇರುತ್ತದೆ. ಕಂಪ್ಯೂಟರಿಗೆ ಬರುವ ಪ್ರತಿ ಫೈಲಿನ ಮುಖವನ್ನು ಆ ಪಟ್ಟಿಗೆ ಹೋಲಿಸಿ ನೋಡುತ್ತದೆ. ಹೊಸ ಕಳ್ಳ ಹುಟ್ಟಿದಾಗ ಪಟ್ಟಿಯಲ್ಲಿ ಅವನ ಫೋಟೋ ಇಲ್ಲದಿದ್ದರೆ ಬಾಗಿಲಲ್ಲೇ ಬಿಟ್ಟುಬಿಡುತ್ತದೆ. ಈಗಿನ ಆಂಟಿವೈರಸ್‌ಗಳು ಮುಖವಷ್ಟೇ ಅಲ್ಲದೆ ನಡತೆಯನ್ನೂ ನೋಡುತ್ತವೆ. ಆದರೂ ಪಟ್ಟಿ ಹಳೆಯದಾದರೆ ಕಾವಲು ಸಡಿಲ. ಕಾಲುಬಾಯಿ ಜ್ವರದ ಲಸಿಕೆಯನ್ನು ದನಕ್ಕೆ ಒಂದು ಸಲ ಹಾಕಿಸಿ ಮುಗಿಯಿತು ಅನ್ನುವ ಹಾಗಿಲ್ಲ, ಆರು ತಿಂಗಳಿಗೊಮ್ಮೆ ಹಾಕಿಸಬೇಕು. ಇದೂ ಹಾಗೇ, ಆದರೆ ಲೆಕ್ಕ ತಿಂಗಳಲ್ಲಲ್ಲ, ದಿನದಲ್ಲಿ.

ಕೆಂಪು ಗುರಾಣಿ ಹುಟ್ಟಿದ ವರ್ಷ

ಮೂಲೆಯ ಎಚ್ಚರಿಕೆಗೂ ಒಂದು ಹುಟ್ಟಿದ ವರ್ಷ ಇದೆ. ಅದು 2004.

ಅದರ ಹಿಂದಿನ ವರ್ಷ, 2003ರ ಆಗಸ್ಟಿನಲ್ಲಿ 'ಬ್ಲಾಸ್ಟರ್' ಎಂಬ ಹುಳು ಪ್ರಪಂಚದ ಕಂಪ್ಯೂಟರುಗಳಿಗೆ ನುಗ್ಗಿತು. ಕಂಪ್ಯೂಟರ್ ಚಾಲೂ ಮಾಡಿದರೆ ಅರವತ್ತು ಸೆಕೆಂಡಿನ ಲೆಕ್ಕ ಓಡಿ ತಾನಾಗಿ ಬಂದ್ ಆಗುತ್ತಿತ್ತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಜುಲೈನಲ್ಲೇ ಕೊಟ್ಟಿತ್ತು. ಜನ ಹಾಕಿಕೊಂಡಿರಲಿಲ್ಲ, ಏಕೆಂದರೆ ಬಹಳ ಮಂದಿಗೆ ಅಂಥದ್ದೊಂದು ಬಂದಿದೆ ಎಂದೇ ಗೊತ್ತಿರಲಿಲ್ಲ.

ಈ ಪಾಠದ ಮೇಲೆ 2004ರ ಆಗಸ್ಟಿನಲ್ಲಿ ವಿಂಡೋಸ್ ಎಕ್ಸ್‌ಪಿಗೆ ದೊಡ್ಡ ಅಪ್‌ಡೇಟ್ ಬಂತು, ಸರ್ವಿಸ್ ಪ್ಯಾಕ್ 2. ಅದರ ಜೊತೆ 'ಸೆಕ್ಯುರಿಟಿ ಸೆಂಟರ್' ಬಂತು. ಫೈರ್‌ವಾಲ್ ಇದೆಯೇ, ಅಪ್‌ಡೇಟ್ ಆಗುತ್ತಿದೆಯೇ, ಆಂಟಿವೈರಸ್ ಇದ್ದು ಹೊಸದಾಗಿದೆಯೇ, ಈ ಮೂರನ್ನು ಅದು ನೋಡುತ್ತಿತ್ತು. ಒಂದು ತಪ್ಪಿದರೂ ಮೂಲೆಯಲ್ಲಿ ಕೆಂಪು ಗುರಾಣಿ ಎದ್ದು ನಿಮ್ಮ ಕಂಪ್ಯೂಟರ್ ಅಪಾಯದಲ್ಲಿರಬಹುದು ಎನ್ನುತ್ತಿತ್ತು. ಇವತ್ತು ನೀವು ನೋಡುವ ಪೆಟ್ಟಿಗೆ ಅದರದೇ ಸಂತಾನ.

ಹುಟ್ಟಿದ ಕೂಡಲೇ ನಮ್ಮ ಕಡೆ ಅದರ ಕುತ್ತಿಗೆ ಹಿಸುಕುವ ಅಭ್ಯಾಸವೂ ಹುಟ್ಟಿತು. ಕಾರಣಗಳು ಸೋಮಾರಿತನದವಲ್ಲ. ಆಗ ಫೋನ್ ಲೈನಿನ ಇಂಟರ್‌ನೆಟ್, ನಿಮಿಷಕ್ಕೆ ಇಷ್ಟು ಎಂದು ದುಡ್ಡು. ಅಪ್‌ಡೇಟ್ ಇಳಿಯಲು ಗಂಟೆಗಟ್ಟಲೆ ಬೇಕು. ನಡುವೆ ಕರೆಂಟು ಹೋದರೆ ಮೊದಲಿನಿಂದ ಶುರು, ಇಲ್ಲವೇ ಸಿಸ್ಟಂ ಏಳುವುದೇ ಇಲ್ಲ. ಮೇಲಾಗಿ ಬಹಳ ಕಡೆ ಇದ್ದದ್ದು ನಕಲಿ ವಿಂಡೋಸ್. ಅಪ್‌ಡೇಟ್ ಆದರೆ ನಕಲಿ ಎಂದು ಗೊತ್ತಾಗಿ ಪರದೆ ಕಪ್ಪಾಗುತ್ತದೆ ಎಂಬ ಭಯ. ಹಾಗಾಗಿ ರಿಪೇರಿ ಹುಡುಗರು ಫಾರ್ಮ್ಯಾಟ್ ಹೊಡೆದು ವಿಂಡೋಸ್ ಹಾಕಿದ ಮೇಲೆ ಮೊದಲು ಅಪ್‌ಡೇಟ್ ಬಂದ್ ಮಾಡುತ್ತಿದ್ದರು. ಅಪ್‌ಡೇಟ್ ಬಂದ್ ಆಯಿತು ಎಂದು ಕೆಂಪು ಗುರಾಣಿ ಕೂಗುತ್ತಿತ್ತು. ಅದರ ಬಾಯನ್ನೂ ಬಂದ್ ಮಾಡುತ್ತಿದ್ದರು. ಗಿರಾಕಿ ಖುಷಿಯಾಗಿ ಮನೆಗೆ ಹೋಗುತ್ತಿದ್ದ.

ಇನ್ನೊಂದು ಕಾರಣ ಆಂಟಿವೈರಸ್ ಕಂಪನಿಗಳದ್ದೇ. ಹೊಸ ಕಂಪ್ಯೂಟರಿನ ಜೊತೆ ಪುಕ್ಕಟೆ ಆಂಟಿವೈರಸ್ ಬರುತ್ತದೆ, ಕೆಲವು ದಿನಕ್ಕೆ ಅವಧಿ ಮುಗಿಯುತ್ತದೆ. ಆಮೇಲೆ ಹಣ ಕಟ್ಟಿ ಎಂಬ ಜಾಹೀರಾತನ್ನೂ ವೈರಸ್ ಬಂದಿದೆ ಎಂಬ ಎಚ್ಚರಿಕೆಯನ್ನೂ ಒಂದೇ ಕೆಂಪು ಬಣ್ಣದಲ್ಲಿ, ಒಂದೇ ಮೂಲೆಯಲ್ಲಿ, ಒಂದೇ ಸದ್ದಿನಲ್ಲಿ ತೋರಿಸುತ್ತಾರೆ. ಕಂದಾಯ ವಸೂಲಿಗೂ ಊರಿಗೆ ಬೆಂಕಿ ಬಿದ್ದದ್ದಕ್ಕೂ ಒಂದೇ ತಮಟೆ, ಒಂದೇ ಪೆಟ್ಟು ಬಾರಿಸಿದರೆ ಜನ ಎಷ್ಟು ದಿನ ಹೊರಗೆ ಬಂದಾರು?

ಪೆನ್‌ಡ್ರೈವ್ ಕಾಲ

2008ರ ಅಕ್ಟೋಬರ್ 23ರಂದು ಮೈಕ್ರೋಸಾಫ್ಟ್ ಇನ್ನೊಂದು ಬಿರುಕು ಮುಚ್ಚುವ ಅಪ್‌ಡೇಟ್ ಬಿಟ್ಟಿತು. ಮುಂದಿನ ತಿಂಗಳು 'ಕಾನ್‌ಫಿಕರ್' ಎಂಬ ಹುಳು ಅದೇ ಬಿರುಕಿನಲ್ಲಿ ನುಗ್ಗಿ ಲಕ್ಷಾಂತರ ಕಂಪ್ಯೂಟರುಗಳಿಗೆ ಹರಡಿತು. ಅದಕ್ಕೆ ಇಂಟರ್‌ನೆಟ್ಟೇ ಬೇಕಾಗಿರಲಿಲ್ಲ, ಪೆನ್‌ಡ್ರೈವ್ ಸಾಕಾಗಿತ್ತು.

ಪೆನ್‌ಡ್ರೈವ್ ಎಂದರೆ ನಮ್ಮ ಊರುಗಳ ನಿಜವಾದ ಜಾಲ. ಶಾಲೆಯ ಪ್ರಶ್ನೆಪತ್ರಿಕೆ, ಮದುವೆ ಕರೆಯೋಲೆ, ಪಂಚಾಯ್ತಿ ನಡವಳಿ, ಎಲ್ಲವೂ ನುಡಿ ಅಥವಾ ಬರಹದಲ್ಲಿ ಟೈಪಾಗಿ ಪೆನ್‌ಡ್ರೈವ್ ಹತ್ತಿ ಜೆರಾಕ್ಸ್ ಅಂಗಡಿಗೆ ಹೋಗುತ್ತಿದ್ದವು. ಬರುವಾಗ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿರುತ್ತಿದ್ದವು. 'ಶಾರ್ಟ್‌ಕಟ್ ವೈರಸ್' ಎಂಬ ಮಾತು ಕಂಪ್ಯೂಟರ್ ಕಲಿಯದವರಿಗೂ ಗೊತ್ತಾದದ್ದು ಆಗಲೇ. ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಅದರೊಳಗಿನ ಪ್ರೋಗ್ರಾಂ ತಾನಾಗಿ ಓಡುವ ವ್ಯವಸ್ಥೆಯನ್ನು ಹಳೆಯ ವಿಂಡೋಸ್‌ಗಳಲ್ಲೂ ಮುಚ್ಚುವ ಅಪ್‌ಡೇಟ್ ಬಂದದ್ದು 2011ರ ಫೆಬ್ರವರಿಯಲ್ಲಿ. ಅಪ್‌ಡೇಟ್ ಬಂದ್ ಮಾಡಿಸಿದ್ದ ಕಂಪ್ಯೂಟರುಗಳಿಗೆ ಅದು ತಲುಪಲೇ ಇಲ್ಲ.

2017: ಪಂಚಾಯ್ತಿ ಬಾಗಿಲಿಗೆ ಬಂದ ಬೀಗ

ಆಗಲೂ ವೈರಸ್ ಎಂದರೆ ಹೆಚ್ಚೆಂದರೆ ಸಿಸ್ಟಂ ಹ್ಯಾಂಗ್ ಆಗುತ್ತದೆ, ಫಾರ್ಮ್ಯಾಟ್ ಹೊಡೆಸಿದರೆ ಸರಿಹೋಗುತ್ತದೆ ಎಂಬ ಭಾವನೆ ಇತ್ತು. 2017ರ ಮೇ 12ರ ಶುಕ್ರವಾರ ಅದು ಸುಳ್ಳಾಯಿತು. 'ವನ್ನಾಕ್ರೈ' ಎಂಬ ಹುಳು ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ನುಗ್ಗಿ ಒಳಗಿದ್ದ ಕಡತಗಳಿಗೆಲ್ಲ ಬೀಗ ಹಾಕಿತು. ಬೀಗ ತೆಗೆಯಲು 300 ಡಾಲರ್ ಕೊಡಿ ಎಂದು ಪರದೆಯ ಮೇಲೆ ಬರೆಯಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು.

ನಮಗೆ ಇದರಲ್ಲಿ ಮುಖ್ಯವಾದ ಸುದ್ದಿ ಬೇರೆ. ಸೋಮವಾರ ಕಚೇರಿ ತೆರೆದಾಗ ಕೇರಳದ ವಯನಾಡು ಜಿಲ್ಲೆಯ ತರಿಯೋಡು ಪಂಚಾಯ್ತಿಯ ಕಂಪ್ಯೂಟರುಗಳಲ್ಲಿ ಆ ಬೀಗದ ಪರದೆ ಕಾಣಿಸಿತು. ಪತ್ತನಂತಿಟ್ಟ ಜಿಲ್ಲೆಯ ಅರುವಾಪ್ಪುಲಂ ಪಂಚಾಯ್ತಿಯಲ್ಲೂ ಹಾಗೇ ಆಯಿತು. ನಮ್ಮ ಪಕ್ಕದ ಆಂಧ್ರದಲ್ಲಿ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರುಗಳು ಸಿಕ್ಕಿಬಿದ್ದವು. ವಯನಾಡಿನ ಗುಡ್ಡದ ಮೇಲಿನ ಒಂದು ಹಳ್ಳಿ ಪಂಚಾಯ್ತಿಯ ಮೇಲೆ ಯಾರಿಗೂ ದ್ವೇಷ ಇರಲಿಲ್ಲ. ಹುಳು ಹೆಸರು ಕೇಳಿ ಬರುವುದಿಲ್ಲ, ತೆರೆದ ಬಾಗಿಲು ಎಲ್ಲಿದೆ ಎಂದು ನೋಡಿ ಬರುತ್ತದೆ. ನಮ್ಮಂಥ ಹಳ್ಳಿಯ ಕಂಪ್ಯೂಟರನ್ನು ಯಾರು ಹ್ಯಾಕ್ ಮಾಡುತ್ತಾರೆ ಎನ್ನುವವರಿಗೆ ತರಿಯೋಡು ಒಂದು ಉತ್ತರ.

ಆ ಬಾಗಿಲು ಮುಚ್ಚುವ ಅಪ್‌ಡೇಟ್ ಬಂದದ್ದು ಯಾವಾಗ? 2017ರ ಮಾರ್ಚ್ 14ರಂದು, ಎರಡು ತಿಂಗಳು ಮೊದಲೇ. 2014ರಲ್ಲೇ ಬೆಂಬಲ ನಿಂತಿದ್ದ ಎಕ್ಸ್‌ಪಿಗೆ ಮಾತ್ರ ದಾಳಿಯ ಮಾರನೇ ದಿನ ವಿಶೇಷವಾಗಿ ಕೊಟ್ಟರು.

ಮೂರೂ ಸಲದ ಲೆಕ್ಕ ಒಟ್ಟಿಗೆ ಇಟ್ಟು ನೋಡಿ. 2003ರಲ್ಲಿ ಮದ್ದು ಒಂದು ತಿಂಗಳು ಮೊದಲು ಬಂದಿತ್ತು. 2008ರಲ್ಲಿ ಕೆಲವು ವಾರ ಮೊದಲು. 2017ರಲ್ಲಿ ಎರಡು ತಿಂಗಳು ಮೊದಲು. ಎಲ್ಲ ದಾಳಿಯೂ ಹೀಗಿರುವುದಿಲ್ಲ, ಮದ್ದೇ ಇಲ್ಲದ ರೋಗವೂ ಬರುತ್ತದೆ. ಆದರೆ ಬಹಳ ಜನರನ್ನು ಬೀಳಿಸಿದ ಈ ಮೂರೂ ದಾಳಿಗಳಲ್ಲಿ ಮದ್ದು ಬಾಗಿಲಿಗೆ ಬಂದು ನಿಂತಿತ್ತು. ಬಂದಿದೆ ಎಂದು ಹೇಳುವ ದನಿಯನ್ನು ಜನ ಕೇಳುವ ಸ್ಥಿತಿಯಲ್ಲಿ ಇರಲಿಲ್ಲ.

ಕಾವಲುಗಾರನೇ ಎಡವಿದಾಗ

ಹಾಗಾದರೆ ಬಂದ ಅಪ್‌ಡೇಟನ್ನೆಲ್ಲ ಕಣ್ಣುಮುಚ್ಚಿ ಹಾಕಬೇಕೇ? ಇತಿಹಾಸದಲ್ಲಿ ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಡಬಾರದು.

2010ರ ಏಪ್ರಿಲ್ 21ರಂದು ಮ್ಯಾಕಫಿ ಕಂಪನಿ ಕಳಿಸಿದ ಆಂಟಿವೈರಸ್ ಅಪ್‌ಡೇಟ್ ವಿಂಡೋಸ್‌ನದೇ ಒಂದು ಮುಖ್ಯ ಫೈಲನ್ನು ವೈರಸ್ ಎಂದು ತಿಳಿದು ಹಿಡಿದುಹಾಕಿತು. ಸಾವಿರಾರು ಎಕ್ಸ್‌ಪಿ ಕಂಪ್ಯೂಟರುಗಳು ಬಂದ್ ಆಗಿ ಚಾಲೂ ಆಗಿ ಮತ್ತೆ ಬಂದ್ ಆಗುತ್ತಾ ಕೂತವು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್‌ನಿಂದ ಪ್ರಪಂಚದ ಸುಮಾರು 85 ಲಕ್ಷ ಕಂಪ್ಯೂಟರುಗಳ ಪರದೆ ನೀಲಿಯಾಗಿ ನಿಂತಿತು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ವಿಮಾನಗಳು ತಡವಾದವು. ದೇಶದ ಕೆಲವು ಕಡೆ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಟ್ಟರು.

ಅಂದರೆ ಅಪ್‌ಡೇಟ್ ಬಗ್ಗೆ ಹೆದರುವವರು ಸುಮ್ಮನೆ ಹೆದರುತ್ತಿಲ್ಲ. ಆದರೆ ತೂಕ ಹಾಕಿ ನೋಡಿ. ಕೆಟ್ಟ ಅಪ್‌ಡೇಟ್‌ನಿಂದ ಕಂಪ್ಯೂಟರ್ ಒಂದೆರಡು ದಿನ ನಿಲ್ಲುತ್ತದೆ, ಕಡತ ಸಾಮಾನ್ಯವಾಗಿ ಉಳಿಯುತ್ತದೆ. ಬೀಗ ಹಾಕುವ ವೈರಸ್ಸಿನಿಂದ ಕಡತವೇ ಹೋಗುತ್ತದೆ. ಪಹಣಿ, ಇ-ಸ್ವತ್ತಿನಂಥ ದಾಖಲೆಗಳು ಸರ್ಕಾರದ ಸರ್ವರ್‌ನಲ್ಲಿ ಇರುತ್ತವೆ, ಊರಿನ ಕಂಪ್ಯೂಟರ್ ಕೆಟ್ಟರೆ ಅವು ಅಳಿಯುವುದಿಲ್ಲ. ಆದರೆ ಸಂಘದ ಲೆಕ್ಕ, ಶಾಲೆಯ ಅಂಕಪಟ್ಟಿ, ಅರ್ಜಿದಾರರ ಆಧಾರ್ ನಕಲು, ಲಾಗಿನ್ ಪಾಸ್‌ವರ್ಡ್ ಎಲ್ಲ ಆ ಕಂಪ್ಯೂಟರಿನಲ್ಲೇ ಇರುತ್ತವೆ. ಎರಡೂ ಕಷ್ಟಕ್ಕೆ ಒಂದೇ ಮದ್ದು: ಮುಖ್ಯ ಕಡತಗಳ ಇನ್ನೊಂದು ಪ್ರತಿಯನ್ನು ಬೇರೆ ಹಾರ್ಡ್‌ಡಿಸ್ಕಿಗೆ ಹಾಕಿ, ಕಂಪ್ಯೂಟರಿನಿಂದ ಬಿಚ್ಚಿ ಬೀರುವಿನಲ್ಲಿ ಇಡುವುದು.

ಸುಳ್ಳು ಡಂಗುರ

ಎಚ್ಚರಿಕೆಯ ಬೆಲೆ ಕಳೆದದ್ದರಲ್ಲಿ ಕಳ್ಳರ ಪಾಲೂ ಇದೆ. 2008ರ ಹೊತ್ತಿಗೇ ಆಂಟಿವೈರಸ್ ವೇಷದ ನಕಲಿ ಪ್ರೋಗ್ರಾಂಗಳು ಬಂದಿದ್ದವು. ನಿಮ್ಮ ಕಂಪ್ಯೂಟರಿನಲ್ಲಿ ಇಷ್ಟು ವೈರಸ್ ಇವೆ ಎಂದು ಸುಳ್ಳು ಪಟ್ಟಿ ತೋರಿಸಿ ದುಡ್ಡು ಕೀಳುತ್ತಿದ್ದವು. ಈಗ ಅದರ ರೂಪ ಬದಲಾಗಿದೆ. ಸಿನಿಮಾ ಅಥವಾ ಫಲಿತಾಂಶ ನೋಡಲು ಯಾವುದೋ ವೆಬ್‌ಸೈಟಿಗೆ ಹೋದಾಗ 'ಅಲೋ' ಒತ್ತಿ ಎನ್ನುತ್ತದೆ. ಒತ್ತಿದರೆ ಆ ವೆಬ್‌ಸೈಟಿಗೆ ನಿಮ್ಮ ಪರದೆಯ ಮೂಲೆಯಲ್ಲಿ ಸಂದೇಶ ತೋರಿಸುವ ಅನುಮತಿ ಸಿಕ್ಕಿತು. ಆಮೇಲೆ ಆಂಟಿವೈರಸ್ ಅವಧಿ ಮುಗಿದಿದೆ, ಐದು ವೈರಸ್ ಸಿಕ್ಕಿವೆ ಎಂದು ದಿನವಿಡೀ ಕೂಗುತ್ತದೆ. ಆ ಸಂದೇಶದಲ್ಲಿ ಸಣ್ಣಕ್ಷರದಲ್ಲಿ ಕ್ರೋಮ್ ಎಂದೋ ಯಾವುದೋ ವೆಬ್‌ಸೈಟಿನ ಹೆಸರೋ ಇದ್ದರೆ ಅದು ಸುಳ್ಳು ಡಂಗುರ.

ಇನ್ನು ಕೆಲವು ಪರದೆ ತುಂಬಾ ಕೆಂಪು ಬಳಿದು ಈ ನಂಬರಿಗೆ ಫೋನ್ ಮಾಡಿ ಎನ್ನುತ್ತವೆ. ನಿಜವಾದ ಆಂಟಿವೈರಸ್ ಎಚ್ಚರಿಕೆ ಫೋನ್ ಮಾಡು ಎಂದು ಹೇಳುವುದಿಲ್ಲ. ಫೋನಿನಲ್ಲಿ ಓದುತ್ತಿರುವವರೂ ನೆನಪಿಡಿ: ವಾಟ್ಸಾಪಿನಲ್ಲಿ ಲಗ್ನಪತ್ರಿಕೆ, ಪಿಎಂ ಕಿಸಾನ್, ಬ್ಯಾಂಕ್ ಎಂಬ ಹೆಸರಿನಲ್ಲಿ ಎಪಿಕೆ ಫೈಲ್ ಬಂದರೆ ಮುಟ್ಟಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಯಾವುದನ್ನು ಸುಮ್ಮನಾಗಿಸಬೇಕು, ಯಾವುದನ್ನು ಬಿಡಬೇಕು

ಈ ಇತಿಹಾಸದಿಂದ ನಮಗೆ ತೋರುವ ದಾರಿ ಇದು. ಕೂಗುವ ದನಿಗಳನ್ನು ಕಡಿಮೆ ಮಾಡಿ, ಒಂದೇ ದನಿ ಉಳಿಸಿಕೊಳ್ಳಿ, ಅದು ಕೂಗಿದಾಗ ಕೇಳಿ.

ಮೊದಲು ಸುಳ್ಳು ದನಿ ತೆಗೆಯಿರಿ. ಕ್ರೋಮ್‌ನಲ್ಲಿ 'ಸೆಟ್ಟಿಂಗ್ಸ್', 'ಪ್ರೈವಸಿ ಆ್ಯಂಡ್ ಸೆಕ್ಯುರಿಟಿ', 'ಸೈಟ್ ಸೆಟ್ಟಿಂಗ್ಸ್', 'ನೋಟಿಫಿಕೇಷನ್ಸ್' ಎಂದು ಹೋಗಿ. ಅನುಮತಿ ಪಡೆದ ವೆಬ್‌ಸೈಟುಗಳ ಪಟ್ಟಿಯಲ್ಲಿ ಗೊತ್ತಿಲ್ಲದ್ದನ್ನೆಲ್ಲ ತೆಗೆದುಹಾಕಿ. ಅರ್ಧ ಗಲಾಟೆ ಇಲ್ಲೇ ನಿಲ್ಲಬಹುದು.

ಎರಡನೆಯದು, ಒಂದೇ ಕಾವಲುಗಾರ ಸಾಕು. ಅವಧಿ ಮುಗಿದ ಆಂಟಿವೈರಸ್ ಇದ್ದರೆ ಒಂದೋ ಹಣ ಕಟ್ಟಿ, ಇಲ್ಲವೇ ಪೂರ್ತಿ ತೆಗೆಯಿರಿ. ತೆಗೆದರೆ ವಿಂಡೋಸ್ 10, 11ರಲ್ಲಿ ಒಳಗೇ ಇರುವ ಡಿಫೆಂಡರ್ ಕೆಲಸ ಶುರುಮಾಡುತ್ತದೆ, ಅದಕ್ಕೆ ಬೇರೆ ದುಡ್ಡಿಲ್ಲ. ಶುರುವಾಗಿದೆಯೇ ಎಂದು ಒಂದು ಸಲ ನೋಡಿಕೊಳ್ಳಿ. ಅವಧಿ ಮುಗಿದದ್ದನ್ನು ಹಾಗೇ ಬಿಟ್ಟು ಅದರ ಎಚ್ಚರಿಕೆಯನ್ನಷ್ಟೇ ಮುಚ್ಚುವುದು ಎಲ್ಲಕ್ಕಿಂತ ಕೆಟ್ಟದ್ದು.

ಮೂರನೆಯದು, ಸಣ್ಣಪುಟ್ಟ ವರದಿ ನಿಲ್ಲಿಸಿ. 'ವಿಂಡೋಸ್ ಸೆಕ್ಯುರಿಟಿ' ತೆರೆದು ಕೆಳಗಿನ 'ಸೆಟ್ಟಿಂಗ್ಸ್'ನಲ್ಲಿ 'ಮ್ಯಾನೇಜ್ ನೋಟಿಫಿಕೇಷನ್ಸ್' ಒತ್ತಿ. ಸ್ಕ್ಯಾನ್ ಮುಗಿಯಿತು, ಏನೂ ಸಿಗಲಿಲ್ಲ ಎಂಬಂಥ 'ರೀಸೆಂಟ್ ಆ್ಯಕ್ಟಿವಿಟಿ' ವರದಿಗಳನ್ನು ಬಂದ್ ಮಾಡಬಹುದು. ಫೈಲ್ ತಡೆಹಿಡಿದಿದೆ ಎಂಬ ಸಂದೇಶವನ್ನು ಬಂದ್ ಮಾಡಬೇಡಿ. ಹಣ ಕಟ್ಟಿದ ಆಂಟಿವೈರಸ್‌ಗಳಲ್ಲೂ ಸದ್ದಿಲ್ಲದೆ ಕೆಲಸ ಮಾಡುವ 'ಸೈಲೆಂಟ್ ಮೋಡ್' ಸಾಮಾನ್ಯವಾಗಿ ಇರುತ್ತದೆ. ಅಂಥದ್ದು ಹಾಕಿದರೂ ಅಪ್‌ಡೇಟ್ ತಾನಾಗಿ ಆಗುತ್ತಿರಲಿ.

ನಾಲ್ಕನೆಯದು, ಹೊತ್ತು ನಿಗದಿ ಮಾಡಿ. ವಿಂಡೋಸ್ ಅಪ್‌ಡೇಟ್‌ನ 'ಆ್ಯಕ್ಟಿವ್ ಅವರ್ಸ್'ನಲ್ಲಿ ನಿಮ್ಮ ಕಚೇರಿ ವೇಳೆ ಬರೆದಿಟ್ಟರೆ ಆ ಹೊತ್ತಿನಲ್ಲಿ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ. ವಿಂಡೋಸ್‌ನ ದೊಡ್ಡ ಅಪ್‌ಡೇಟನ್ನು ಒಂದು ವಾರ ತಡೆದು ಹಾಕಿದರೂ ನಡೆಯುತ್ತದೆ, ಕೆಟ್ಟದ್ದಾಗಿದ್ದರೆ ಅಷ್ಟರಲ್ಲಿ ಸುದ್ದಿಯಾಗಿರುತ್ತದೆ. ಆಂಟಿವೈರಸ್ಸಿನ ಗುರುತಿನ ಪಟ್ಟಿಯನ್ನು ಮಾತ್ರ ತಡೆಯಬೇಡಿ, ಅದು ದಿನವೂ ಬರಬೇಕು. ಫೋನಿನ ಹಾಟ್‌ಸ್ಪಾಟಿನಲ್ಲಿ ಕೆಲಸ ಮಾಡುವವರು ಡೇಟಾ ಉಳಿಸಲು 'ಮೀಟರ್ಡ್ ಕನೆಕ್ಷನ್' ಇಟ್ಟಿದ್ದರೆ, ಆಗಾಗ 'ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್'ಗೆ ಹೋಗಿ 'ಚೆಕ್ ಫಾರ್ ಅಪ್‌ಡೇಟ್ಸ್' ಕೈಯಾರೆ ಒತ್ತಿ. ಕರೆಂಟು ಕೈಕೊಡುವ ಊರಿನಲ್ಲಿ ಯುಪಿಎಸ್ ಚಾರ್ಜ್ ಇರುವಾಗ ಮಾಡಿ.

ಐದನೆಯದು ಕನ್ನಡ ಟೈಪಿಂಗ್. ನುಡಿಯಂಥ ಸಾಫ್ಟ್‌ವೇರ್ ನೀವು ಒತ್ತುವ ಕೀಲಿಗಳನ್ನು ಗಮನಿಸಿ ಅಕ್ಷರ ಮಾಡುತ್ತದೆ. ಪಾಸ್‌ವರ್ಡ್ ಕದಿಯುವ ವೈರಸ್ಸೂ ಕೀಲಿಗಳನ್ನೇ ಗಮನಿಸುವುದರಿಂದ ಆಂಟಿವೈರಸ್ಸಿಗೆ ಅನುಮಾನ ಬರಬಹುದು. ಹಾಗಾದರೆ ಆಂಟಿವೈರಸ್ಸನ್ನೇ ಬಂದ್ ಮಾಡಬೇಡಿ. ಸಾಫ್ಟ್‌ವೇರನ್ನು ಅದರ ಅಧಿಕೃತ ಜಾಗದಿಂದಲೇ ಇಳಿಸಿಕೊಂಡು, ಆ ಒಂದು ಪ್ರೋಗ್ರಾಮಿಗೆ ಮಾತ್ರ ವಿನಾಯಿತಿ ಕೊಡಿ.

ಕೊನೆಗೆ ಭಾಷೆ. ವಿಂಡೋಸ್‌ಗೆ ಕನ್ನಡ ಭಾಷಾ ಪ್ಯಾಕ್ ಪುಕ್ಕಟೆ ಸಿಗುತ್ತದೆ. 'ಟೈಮ್ ಆ್ಯಂಡ್ ಲಾಂಗ್ವೇಜ್'ನಲ್ಲಿ ಕನ್ನಡ ಸೇರಿಸಿದರೆ ಬಹಳಷ್ಟು ಸಂದೇಶಗಳು ಕನ್ನಡದಲ್ಲೇ ಬರುತ್ತವೆ. ಅನುವಾದ ಎಲ್ಲ ಕಡೆ ಚೆನ್ನಾಗಿಲ್ಲ. ಆದರೂ ಓದದೆ ಮುಚ್ಚುವ ಇಂಗ್ಲಿಷಿಗಿಂತ ಓದಲು ಬರುವ ಕನ್ನಡ ಮೇಲು.

ಒಂದು ಮಾತು ಬಾಕಿ ಇದೆ. ವಿಂಡೋಸ್ 7ರ ಬೆಂಬಲ 2020ರ ಜನವರಿ 14ರಂದು ನಿಂತಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ನಿಂತಿತು. ಅಂಥ ಕಂಪ್ಯೂಟರಿನಲ್ಲಿ ಆಂಟಿವೈರಸ್ ಹಸಿರು ಗುರುತು ತೋರಿಸಿದರೂ ವಿಂಡೋಸ್‌ನ ಹೊಸ ಬಿರುಕುಗಳನ್ನು ಮುಚ್ಚುವವರು ಇರುವುದಿಲ್ಲ. ಪಂಚಾಯ್ತಿ, ಶಾಲೆ, ಸೊಸೈಟಿಗಳ ಬಜೆಟ್ ಸಭೆಯಲ್ಲಿ ಕುರ್ಚಿ, ಫ್ಯಾನುಗಳ ಲೆಕ್ಕದ ಜೊತೆ ಇದನ್ನೂ ಕೇಳಬೇಕು: ನಮ್ಮ ಕಂಪ್ಯೂಟರಿನಲ್ಲಿ ಯಾವ ವಿಂಡೋಸ್ ಇದೆ, ಆಂಟಿವೈರಸ್ ಕೊನೆಯ ಸಲ ಅಪ್‌ಡೇಟ್ ಆದದ್ದು ಯಾವತ್ತು, ಕಡತಗಳ ಇನ್ನೊಂದು ಪ್ರತಿ ಎಲ್ಲಿದೆ? ಭೂಮಿ ಕೇಂದ್ರದಲ್ಲಿ ಒಂದು ಪರದೆಯನ್ನು ರೈತನ ಕಡೆಗೆ ತಿರುಗಿಸಿ ಇಟ್ಟಿದ್ದು ಇಂಥ ಪ್ರಶ್ನೆ ಕೇಳುವ ಹಕ್ಕು ಅವನಿಗಿದೆ ಎಂದೇ. ಗ್ರಾಮಸಭೆಯಲ್ಲಿ ನೀವೂ ಕೇಳಿ.